ಈಲಿಂಗಿನಲ್ಲಿ ಪೋಲಿಷ್ ದಿನಸಿ: ಎಲ್ಲಿ ಯಾವುದನ್ನು ಕೊಳ್ಳಬೇಕು

ಲಂಡನ್ನಿಗೆ ಬಂದ ಮೊದಲ ತಿಂಗಳಲ್ಲಿ ಪನೀರ್ ತುಂಬಿ ಪ್ಯೆರೋಗಿ ಮಾಡಿದ್ದೆ; ನಮ್ಮ ಕಡುಬಿನಂತೆ ಹೂರಣ ತುಂಬಿ ಬೇಯಿಸುವ ಪೋಲಿಷ್ ತಿನಿಸು ಅದು. ಬೇಯಿಸಿದ ಆಲೂಗಡ್ಡೆ, ಕೆಂಪಗೆ ಹುರಿದ ಈರುಳ್ಳಿ, ಕಾಳುಮೆಣಸು ಎಲ್ಲವೂ ಹದವಾಗಿದ್ದವು. ನನ್ನ ಗಂಡ ಮೂರು ತಿಂದು, "ರುಚಿಯಾಗಿದೆ, ಆದರೆ ನಮ್ಮ ಮನೆಯದಲ್ಲ" ಎಂದರು. ಅವರ ಊರು ದಕ್ಷಿಣ ಪೋಲೆಂಡಿನ ನೊವಿ ಸೊಂಚ್. ನನ್ನದು ಮಡಿಕೇರಿ. ಕ್ರಾಕುವ್ ನಗರದಲ್ಲಿ ಐದು ವರ್ಷ ಸಂಸಾರ ಮಾಡಿ, 2019ರಲ್ಲಿ ಪಶ್ಚಿಮ ಲಂಡನ್ನಿನ ಈಲಿಂಗಿಗೆ ಬಂದವರು ನಾವು. ನನಗೆ ಬೇಕಾದ ತೊಗರಿಬೇಳೆ, ಸೋನಾ ಮಸೂರಿ, ಕರಿಬೇವು ಬಸ್ಸು ಹತ್ತಿ ಸೌತಾಲಿಗೆ ಹೋದರೆ ಸಿಗುತ್ತವೆ. ಅವರಿಗೆ ಬೇಕಾದದ್ದನ್ನು ಹುಡುಕುವ ಕೆಲಸವನ್ನೂ ನಾನೇ ವಹಿಸಿಕೊಂಡೆ. ಅಡುಗೆ ನನ್ನದು; ಅಷ್ಟು ಹೊತ್ತಿಗೆ ಆ ರುಚಿಯೂ ನನ್ನದಾಗಿತ್ತು.

ಪನೀರ್ ಏಕೆ ಒಗ್ಗಲಿಲ್ಲ ಎಂಬುದನ್ನು ಕನ್ನಡದಲ್ಲಿ ಹೇಳುವುದು ಸುಲಭ. ಪನೀರ್ ಎಂದರೆ ಒಡೆಸಿದ ಹಾಲು. ಕುದಿಯುವಾಗ ನಿಂಬೆರಸ ಹಿಂಡುತ್ತೇವೆ, ಗಟ್ಟಿಯಾಗುತ್ತದೆ, ಹುಳಿ ನೀರಿನೊಂದಿಗೆ ಹರಿದುಹೋಗುತ್ತದೆ. ಪ್ಯೆರೋಗಿಗೆ ತುಂಬಬೇಕಾದ, ಪೋಲೆಂಡಿನ ತ್ವಾರುಗ್ ಎಂಬ ಚೀಸು ಹೆಪ್ಪು ಹಾಕಿದ ಹಾಲು. ಅದು ತಾನಾಗಿ ಹುಳಿಯಾಗಿ, ಹೆಪ್ಪುಗಟ್ಟಿ, ಆಮೇಲೆ ಸಣ್ಣ ಉರಿಯ ಬಿಸಿಯಲ್ಲಿ ನೀರು ಬಿಟ್ಟುಕೊಂಡದ್ದು. ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ, ನಾಲಿಗೆಯ ಮೇಲೆ ತೆಳ್ಳಗೆ ಹುಳಿ ಉಳಿಯುತ್ತದೆ. ಇಲ್ಲಿನ ಕಾಟೇಜ್ ಚೀಸ್ ಕೂಡ ಆ ಜಾಗ ತುಂಬುವುದಿಲ್ಲ. ಅದರ ಹರಳುಗಳನ್ನು ತೊಳೆದು ಕೆನೆ ಬೆರೆಸಿರುತ್ತಾರೆ, ಪ್ಯೆರೋಗಿಯೊಳಗೆ ಇಟ್ಟರೆ ಹಿಟ್ಟು ನೆನೆದು ಬಿರಿಯುತ್ತದೆ.

ಈ ಹುಳಿಯನ್ನೇ ಅಳತೆಗೋಲಾಗಿ ಇಟ್ಟುಕೊಂಡು ಇಷ್ಟು ವರ್ಷಗಳಲ್ಲಿ ಎಲ್ಲ ದಾರಿಗಳನ್ನೂ ನೋಡಿದ್ದೇನೆ: ದೊಡ್ಡ ಸೂಪರ್ ಮಾರ್ಕೆಟ್, ಪೋಲಿಷ್ ಅಂಗಡಿ, ಆನ್‌ಲೈನ್, ಊರಿಂದ ಬರುವ ಸೂಟ್‌ಕೇಸ್, ಕೊನೆಗೆ ನಮ್ಮದೇ ಅಡುಗೆಮನೆ.

ಸೂಪರ್ ಮಾರ್ಕೆಟ್ಟಿನಲ್ಲಿ ಪೋಲಿಷ್ ಸಾಮಾನಿಗೆ ಒಂದು ಕಪಾಟು ಇರುವುದು ಇಲ್ಲಿ ಯಾರಿಗೂ ವಿಶೇಷವಲ್ಲ. ಎರಡನೆಯ ಮಹಾಯುದ್ಧದ ನಂತರ ಊರಿಗೆ ಮರಳಲಾಗದ ಪೋಲಿಷ್ ಸೈನಿಕರು ಈ ಕಡೆ ನೆಲೆ ನಿಂತರು. 2004ರ ಮೇ 1ರಂದು ಪೋಲೆಂಡ್ ಐರೋಪ್ಯ ಒಕ್ಕೂಟ ಸೇರಿದಾಗ ಬ್ರಿಟನ್ ಕೂಡಲೇ ಉದ್ಯೋಗದ ಬಾಗಿಲು ತೆರೆಯಿತು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 6,12,000 ಜನ ಪೋಲಿಷ್ ತಮ್ಮ ಮುಖ್ಯ ಭಾಷೆ ಎಂದು ಬರೆಸಿದ್ದಾರೆ; ಇಂಗ್ಲಿಷ್ ಬಿಟ್ಟರೆ ಅದೇ ಮೊದಲು. ಆ ಕಪಾಟಿನಲ್ಲಿ ಒಣ ಸಾಮಾನು ಚೆನ್ನಾಗಿರುತ್ತದೆ. ಪ್ರಿನ್ಸ್ ಪೋಲೊ ವೇಫರ್, ಧಾನ್ಯ ಮತ್ತು ಚಿಕೋರಿ ಹುರಿದು ಮಾಡುವ ಇಂಕಾ ಪಾನೀಯ, ಪ್ಲಮ್ ಹಣ್ಣಿನ ಪೊವಿದ್ವಾ, ವಿನ್ಯಾರಿ ಮಯೊನೀಸ್, ಇವೆಲ್ಲ ಎಲ್ಲಿ ಕೊಂಡರೂ ಒಂದೇ. ಬೆಲೆಯೂ ಕಡಿಮೆ. ಇವಕ್ಕಾಗಿ ಬೇರೆ ಅಂಗಡಿಗೆ ನಡೆಯುವುದನ್ನು ನಾನು ಬಿಟ್ಟಿದ್ದೇನೆ.

ಸೌತೆಕಾಯಿಯ ವಿಷಯದಲ್ಲಿ ಮಾತ್ರ ಅಲ್ಲಿ ಎಚ್ಚರ ಬೇಕು. ಮೊದಲ ವರ್ಷ ಎರಡು ಸಲ ತಪ್ಪು ಬಾಟಲಿ ತಂದೆ. ಪೋಲಿಷರಿಗೆ ಸೌತೆಕಾಯಿಯ ಉಪ್ಪಿನಕಾಯಿ ಎರಡು ಬಗೆ. 'ಕಿಶೊನೆ' ಎಂದರೆ ಉಪ್ಪುನೀರಿನಲ್ಲಿ ತಾನಾಗಿ ಹುಳಿಯಾದದ್ದು. ಜೊತೆಗೆ ಸಬ್ಬಸಿಗೆಯ ಹೂಗೊಂಚಲು, ಬೆಳ್ಳುಳ್ಳಿ, ಹಾರ್ಸ್‌ರಾಡಿಶ್ ಬೇರು. 'ಕೊನ್ಸೆರ್ವೊವೆ' ಎಂದರೆ ವಿನೆಗರ್ ಮತ್ತು ಸಕ್ಕರೆಯಲ್ಲಿ ಹಾಕಿದ್ದು. ಮಲೆನಾಡಿನಲ್ಲಿ ಮಿಡಿಮಾವನ್ನು ಉಪ್ಪಿನಲ್ಲಿ ಹಾಕಿಡುವುದನ್ನು ಕಂಡವರಿಗೆ ಮೊದಲನೆಯದು ತಟ್ಟನೆ ಅರ್ಥವಾಗುತ್ತದೆ. ಬಾಟಲಿಯ ಹಿಂದೆ ಓದಬೇಕಾದ ಪದ ಒಂದೇ, 'ಒಟ್ಸೆತ್', ಅಂದರೆ ವಿನೆಗರ್. ಅದಿದ್ದರೆ ಆ ಬಾಟಲಿ ಸೌತೆಕಾಯಿಯ ಹುಳಿ ಸೂಪಿಗೆ ಬೇಡ. ನೀರು ಮಬ್ಬಾಗಿದ್ದರೆ ಹೆದರಬೇಕಿಲ್ಲ, ಅದು ಕಿಶೊನೆಯ ಲಕ್ಷಣ. ನಮ್ಮ ಹತ್ತಿರದ ಸೂಪರ್ ಮಾರ್ಕೆಟ್ಟಿನಲ್ಲಿ ನಾನು ನೋಡಿದಾಗಲೆಲ್ಲ ವಿನೆಗರ್ ಬಾಟಲಿಗಳೇ ಹೆಚ್ಚಿದ್ದವು.

ಬಕ್‌ವೀಟ್ ಕಾಳಿನಲ್ಲೂ ಇಂಥದ್ದೇ ಒಂದು ವ್ಯತ್ಯಾಸವಿದೆ. ಆರೋಗ್ಯ ಆಹಾರದ ಅಂಗಡಿಗಳಲ್ಲಿ ಸಿಗುವುದು ತಿಳಿಹಸಿರು ಬಣ್ಣದ, ಹುರಿಯದ ಕಾಳು. ಪೋಲಿಷರ ಮನೆಯಲ್ಲಿ ಕಾಶಾ ಎನ್ನುವ ಈ ಕಾಳು ಸಾಮಾನ್ಯವಾಗಿ ಹುರಿದದ್ದು, ಕಂದು ಬಣ್ಣದ್ದು. ಬೇಯುವಾಗ ಹುರಿದ ರಾಗಿಯನ್ನು ನೆನಪಿಸುವ ಘಮ ಅದರದು. ಹುರಿಯದ್ದನ್ನು ತಂದು ಬಾಣಲೆಯಲ್ಲಿ ಹುರಿದು ನೋಡಿದೆ; ಹೊರಗೆ ಸೀದು ಒಳಗೆ ಹಸಿ ಉಳಿಯಿತು.

ಆನ್‌ಲೈನ್ ಅಂಗಡಿಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಭಾರದ ಸಾಮಾನಿಗೆ ಅವು ಅನುಕೂಲ. ಪೋಲಿಷ್ ಗೋಧಿಹಿಟ್ಟಿನ ಚೀಲದ ಮೇಲೆ 450, 500, 650 ಎಂಬ ಅಂಕಿ ಇರುತ್ತದೆ. ಹಿಟ್ಟನ್ನು ಸುಟ್ಟಾಗ ಉಳಿಯುವ ಬೂದಿಯ ಪ್ರಮಾಣ ಅದು. ಅಂಕಿ ಕಡಿಮೆಯಾದಷ್ಟೂ ಹಿಟ್ಟು ಬಿಳಿ. ಕೇಕಿಗೆ 450 ತರಿಸುತ್ತೇನೆ, ಒಮ್ಮೆಗೆ ಐದು ಕಿಲೊ. ಸಾಗಣೆಯ ಖರ್ಚು ಹೊಂದಬೇಕಾದರೆ ಅಷ್ಟು ತರಿಸಲೇಬೇಕು. ಆದರೆ ಹಾಲಿನ ಪದಾರ್ಥ ತರಿಸುವುದನ್ನು ನಿಲ್ಲಿಸಿದೆ. ಒಂದು ಜುಲೈಯಲ್ಲಿ ಬಂದ ಪೆಟ್ಟಿಗೆಯೊಳಗೆ ಐಸ್ ಚೀಲಗಳು ಕರಗಿ ತ್ವಾರುಗ್ ಊದಿಕೊಂಡಿತ್ತು. ಹಣ ಮರಳಿ ಕೊಟ್ಟರು, ಹಬ್ಬದ ಅಡುಗೆ ನಿಂತಿತು.

ಸೂಟ್‌ಕೇಸಿನ ದಾರಿ ನಮಗೆ ಬಹಳ ಪ್ರಿಯವಾಗಿತ್ತು. ಅತ್ತೆ ಬರುವಾಗಲೆಲ್ಲ ಬಟ್ಟೆಗಳ ನಡುವೆ ಹೊಗೆ ಹಿಡಿಸಿದ ಕೆವ್ಬಾಸಾ ಎಂಬ ಮಾಂಸದ ಸಾಸೇಜು, ದಕ್ಷಿಣ ಪೋಲೆಂಡಿನ ಪೊಡ್‌ಹಾಲೆ ಬೆಟ್ಟಸೀಮೆಯ ಕುರಿಗಾರರು ಮಾಡುವ ಒಸ್ತ್ಸಿಪೆಕ್ ಇರುತ್ತಿದ್ದವು. ಕುರಿಹಾಲಿನ ಆ ಚೀಸಿನ ಹೆಸರಿಗೆ 2008ರಲ್ಲಿ ಐರೋಪ್ಯ ಒಕ್ಕೂಟ ಭೌಗೋಳಿಕ ರಕ್ಷಣೆ ಕೊಟ್ಟಿದೆ. ನೂಲುವ ಕದಿರಿನಂತೆ ನಡುವೆ ಉಬ್ಬಿ ತುದಿ ಚೂಪಾದ ಆಕಾರ, ಮೈಮೇಲೆ ಮರದ ಅಚ್ಚಿನ ಚಿತ್ತಾರ. ಕಾಯಿಸಿ ಕ್ರ್ಯಾನ್‌ಬೆರಿ ಜಾಮಿನೊಂದಿಗೆ ತಿನ್ನುವುದು ರೂಢಿ. ಯುರೋಪಿನಲ್ಲಿ ಕಾಲುಬಾಯಿ ಜ್ವರ ಕಾಣಿಸಿಕೊಂಡ ಮೇಲೆ, 2025ರ ಏಪ್ರಿಲ್ 12ರಿಂದ ಪ್ರಯಾಣಿಕರು ದನ, ಕುರಿ, ಮೇಕೆ, ಹಂದಿಯ ಮಾಂಸವನ್ನಾಗಲಿ ಹಾಲಿನ ಪದಾರ್ಥಗಳನ್ನಾಗಲಿ ಐರೋಪ್ಯ ಒಕ್ಕೂಟದಿಂದ ಗ್ರೇಟ್ ಬ್ರಿಟನ್ನಿಗೆ ತರುವುದನ್ನು ಸರ್ಕಾರ ನಿಷೇಧಿಸಿತು. ದನ ಸಾಕಿದ ಮನೆಯಲ್ಲಿ ಬೆಳೆದವಳಾದ್ದರಿಂದ ಆ ರೋಗ ಬಂದರೆ ಕೊಟ್ಟಿಗೆಯ ಪಾಡೇನು ಎಂಬುದು ನನಗೆ ಗೊತ್ತು. ನಿಯಮದ ಬಗ್ಗೆ ತಕರಾರಿಲ್ಲ. ಅತ್ತೆ ಈಗ ಒಣಗಿಸಿದ ಕಾಡಿನ ಅಣಬೆಯ ಸರಗಳನ್ನು ತರುತ್ತಾರೆ. ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟಕ್ಕೆ ಅವುಗಳ ಘಮಕ್ಕೆ ಸಾಟಿಯಾದದ್ದು ಇಲ್ಲಿ ಯಾವ ಬೆಲೆಗೂ ನನಗೆ ಸಿಕ್ಕಿಲ್ಲ.

ಮನೆಯಲ್ಲೇ ಮಾಡುವುದನ್ನು ಕಲಿತದ್ದು ಝೂರೆಕ್‌ಗಾಗಿ. ಈಸ್ಟರ್ ಬೆಳಿಗ್ಗೆಯ ಹುಳಿ ಸೂಪು ಅದು. ಅದರ ಮೂಲ 'ಜಾಕ್ವಾಸ್', ರೈ ಹಿಟ್ಟನ್ನು ನೀರಿನಲ್ಲಿ ಕಲಸಿ ಹುಳಿ ಬರಿಸಿದ ದ್ರವ. ಹಳೇ ಮೈಸೂರಿನ ಕಡೆ ರಾಗಿ ಅಂಬಲಿಯನ್ನು ಹುಳಿ ಬರಲು ಬಿಡುವುದು ನೆನಪಾಗುತ್ತದೆ. ಬಾಟಲಿಯಲ್ಲಿ ಸಿಗುವ ಜಾಕ್ವಾಸ್ ಕೆಟ್ಟದ್ದಲ್ಲ, ಆದರೆ ನಾನು ಕೊಂಡ ಮೂರು ಬಗೆಗಳಲ್ಲೂ ಹುಳಿ ಚಪ್ಪಟೆಯಾಗಿತ್ತು, ಹಿಟ್ಟಿನ ರುಚಿ ಹಿಂದೆ ಸರಿದಿತ್ತು. ಪೊಟ್ಟಣದ ಪುಡಿಯನ್ನಂತೂ ಲೆಕ್ಕಕ್ಕೇ ಸೇರಿಸುವುದಿಲ್ಲ. ಮನೆಯಲ್ಲಿ ಐದು ದೊಡ್ಡ ಚಮಚ ಇಡೀ ರೈ ಕಾಳಿನ ಹಿಟ್ಟು, ಅರ್ಧ ಲೀಟರ್ ಕುದಿಸಿ ಆರಿಸಿದ ನೀರು, ಜಜ್ಜಿದ ಬೆಳ್ಳುಳ್ಳಿ ನಾಲ್ಕು ಎಸಳು, ಎರಡು ಬೇ ಎಲೆ. ದಿನಕ್ಕೊಮ್ಮೆ ಮರದ ಚಮಚದಲ್ಲಿ ಕದಡಿದರೆ ಐದನೆಯ ದಿನಕ್ಕೆ ಸಿದ್ಧ. ಮೇಲೆ ಬೂಸ್ಟು ಕಂಡರೆ ಪೂರ್ತಿ ಚೆಲ್ಲಬೇಕು. ಚಳಿಗಾಲದಲ್ಲಿ ದೋಸೆ ಹಿಟ್ಟಿನ ಹಾಗೆಯೇ ಇದನ್ನೂ ಓವನ್ನಿನೊಳಗೆ ದೀಪ ಮಾತ್ರ ಉರಿಸಿ ಇಡುತ್ತೇನೆ. ಎರಡೂ ಪಾತ್ರೆಗಳು ಪಕ್ಕಪಕ್ಕದಲ್ಲಿ ಹುದುಗುತ್ತವೆ.

ತ್ವಾರುಗ್ ಕೂಡ ಮನೆಯಲ್ಲಿ ಆಗುತ್ತದೆ. ಎರಡು ಲೀಟರ್ ಹಾಲಿಗೆ ಒಂದು ಲೋಟ ಕೆಫಿರ್ (ಹುದುಗಿಸಿದ ಹುಳಿ ಹಾಲು) ಹಾಕಿ ಒಂದೂವರೆ ದಿನ ಬಿಟ್ಟು, ಬೆಚ್ಚಗೆ ಮಾಡಿ, ಬಟ್ಟೆಯಲ್ಲಿ ಕಟ್ಟಿ ತೂಗುಹಾಕಬೇಕು. ಸಿಗುವುದು ಮುಷ್ಟಿಯಷ್ಟು. ವಾರವಾರ ಮಾಡುವ ಕೆಲಸವಲ್ಲ.

ಹಾಗಾಗಿ ಹುಳಿಯ ಸಾಮಾನಿಗೆ ನಾನು ಮತ್ತೆ ಮತ್ತೆ ಹೋಗುವುದು 'ಪೋಲ್ಸ್ಕಿ ಸ್ಕ್ಲೆಪ್', ಅಂದರೆ ಪೋಲಿಷ್ ಅಂಗಡಿ, ಎಂಬ ಫಲಕ ಹಾಕಿದ ಅಂಗಡಿಗೇ. ಅವುಗಳಲ್ಲೂ ಎರಡು ತರಹ. ನಮ್ಮ ಬೀದಿಯದನ್ನು ನಡೆಸುವುದು ಜಾಫ್ನಾದ ಒಂದು ಕುಟುಂಬ. ಎಲ್ಲ ಪೊಟ್ಟಣಗಳೂ ಇವೆ, ರಾತ್ರಿ ಹನ್ನೊಂದರವರೆಗೆ ತೆರೆದಿರುತ್ತದೆ, ಆದರೆ ಮಾಂಸ ಕತ್ತರಿಸಿ ಕೊಡುವ ಕೌಂಟರ್ ಇಲ್ಲ. ಇನ್ನೊಂದು ಹದಿನೈದು ನಿಮಿಷದ ನಡಿಗೆ. ಅಲ್ಲಿ ಗಾಜಿನ ಹಿಂದೆ ಇಪ್ಪತ್ತು ಬಗೆಯ ಕೆವ್ಬಾಸಾ ನೇತಾಡುತ್ತವೆ, ಪೀಪಾಯಿಯಿಂದ ಕಿಶೊನೆ ಸೌತೆಯನ್ನು ತೂಗಿ ಕೊಡುತ್ತಾರೆ, ತ್ವಾರುಗ್ ಕೊಬ್ಬಿನ ಅಂಶಕ್ಕೆ ತಕ್ಕಂತೆ ಮೂರು ಬಗೆಯಲ್ಲಿ ಇರುತ್ತದೆ. ಪ್ಯೆರೋಗಿಗೆ ಅರೆಕೊಬ್ಬಿನ ತುಂಡು, ಸೆರ್ನಿಕ್ ಎಂಬ ಚೀಸ್ ಕೇಕಿಗೆ ನುಣ್ಣಗೆ ಅರೆದು ಸಣ್ಣ ಬಕೆಟ್ಟಿನಲ್ಲಿ ತುಂಬಿದ್ದು. ಬೆಲೆ ಸೂಪರ್ ಮಾರ್ಕೆಟ್ಟಿಗಿಂತ ಹೆಚ್ಚು, ಭಾನುವಾರ ಮಧ್ಯಾಹ್ನ ಪೂಜೆ ಮುಗಿಸಿ ಬಂದವರ ಸಾಲು ಬಾಗಿಲಾಚೆಗೂ ಇರುತ್ತದೆ. ನಿಲ್ಲುತ್ತೇನೆ. ಸಾಮಾನು ಬೇಗ ಖರ್ಚಾಗುವ ಅಂಗಡಿಯಲ್ಲಿ ಮಾತ್ರ ಹುಳಿ ಹದ ಮೀರುವುದಿಲ್ಲ.

ಅಲ್ಲಿ ಗ್ರಾಮ್ ಎಂದು ಕೇಳುವವರು ಕಡಿಮೆ. 'ದೆಕೊ' ಎನ್ನುತ್ತಾರೆ, ಒಂದು ದೆಕೊ ಹತ್ತು ಗ್ರಾಮ್. ಮೊದಲ ಸಲ ನಾನು "ಇಪ್ಪತ್ತು ದೆಕೊ, ತೆಳ್ಳಗೆ" ಎಂದು ಅವರ ಭಾಷೆಯಲ್ಲೇ ಕೇಳಿದಾಗ ಕೌಂಟರಿನ ಹೆಂಗಸು ತಲೆಯೆತ್ತಿ ನೋಡಿ, ಕತ್ತರಿಸಿದ ಮೊದಲ ಬಿಲ್ಲೆಯನ್ನು ಕಾಗದದ ಮೇಲಿಟ್ಟು ರುಚಿ ನೋಡಲು ಕೊಟ್ಟರು. ಕಾಚಂಪುಳಿ ಇಲ್ಲದೆ ಪಂದಿ ಕರಿ ಮಾಡದ ಊರಿನವಳು ನಾನು. ಹಂದಿಮಾಂಸಕ್ಕೆ ಹುಳಿಯ ಜೊತೆ ಏಕೆ ಬೇಕೆಂದು ಝೂರೆಕ್ ವಿಷಯದಲ್ಲಿ ಯಾರೂ ನನಗೆ ಹೇಳಿಕೊಡಬೇಕಾಗಲಿಲ್ಲ. ಆ ಸೂಪಿಗೆ ಬೀಳುವ ಹೊಗೆ ಹಿಡಿಸದ ಬಿಳಿ ಕೆವ್ಬಾಸಾ ಈಸ್ಟರ್ ವಾರದಲ್ಲಿ ಬೆಳಿಗ್ಗೆಯೇ ಖಾಲಿಯಾಗುತ್ತದೆ. ಅದಕ್ಕಾಗಿ ಅವರು ಒಂದು ನೋಟ್ ಪುಸ್ತಕ ಇಟ್ಟಿದ್ದಾರೆ. ಹತ್ತು ದಿನ ಮೊದಲೇ ಹೋಗಿ ಹೆಸರು ಬರೆಸಬೇಕು. ಈ ವರ್ಷ ನಾನು ಬಾಯಿ ತೆರೆಯುವ ಮೊದಲೇ ಅವರು ನನ್ನ ಹೆಸರು ಬರೆದು, ಮುಂದೆ ಒಂದೂವರೆ ಕಿಲೊ ಎಂದು ಹಾಕಿ, "ಮಾಯೆರಾನೆಕ್ ಮನೆಯಲ್ಲಿದೆಯೇ?" ಎಂದು ಕೇಳಿದರು. ಸೂಪಿನ ಮೇಲೆ ಉಜ್ಜಿ ಉದುರಿಸುವ ಒಣ ಎಲೆ ಅದು. ಇರಲಿಲ್ಲ, ಒಂದು ಪೊಟ್ಟಣ ಕೊಂಡೆ.