ಹಳಿ ಪರೀಕ್ಷೆಯ ಟ್ರಾಲಿ: ತಳ್ಳಿ ನೋಡಿದವನ ಮಾತು

ಹಳಿಯ ಒಳಬಿರುಕು ಹುಡುಕಲು ನಮ್ಮ ತಂಡಕ್ಕೆ ಬಂದ ಈ ಅಲ್ಟ್ರಾಸಾನಿಕ್ ಟ್ರಾಲಿಗೆ ಶಬ್ದದ ಅಲೆಯನ್ನು ಹಳಿಯೊಳಗೆ ಓರೆಯಾಗಿ ಕಳಿಸಿ ಪ್ರತಿಧ್ವನಿ ಹಿಡಿಯುವ 70 ಡಿಗ್ರಿ ಪ್ರೋಬೇ ಜೀವಾಳ. ಹಳಿಯ ತಲೆಯೊಳಗೆ ಅಡ್ಡಡ್ಡ ಬೆಳೆಯುವ ಬಿರುಕನ್ನು ಚೆನ್ನಾಗಿ ಹಿಡಿಯುತ್ತದೆ. ನೇರ ಕೆಳಗೆ ನೋಡುವ 0 ಡಿಗ್ರಿ ಪ್ರೋಬ್‌ಗೆ ಅದು ಕಾಣುವುದೇ ಕಷ್ಟ. ಬಿಸಿಲಲ್ಲೂ ಪರದೆ ಓದಬಹುದು, ಪುಣ್ಯ. ನೀರಿನ ಟ್ಯಾಂಕ್ ಮಾತ್ರ ತೀರಾ ಚಿಕ್ಕದು. ಪ್ರೋಬ್‌ಗೂ ಹಳಿಗೂ ನಡುವೆ ನೀರಿನ ಪದರ ಇಲ್ಲದಿದ್ದರೆ ಗಾಳಿ ಅಲೆಯನ್ನು ಒಳಗೆ ಬಿಡುವುದಿಲ್ಲ, ಗಾಡಿ ತಳ್ಳಿದ್ದೇ ದಂಡ. ಹಳಿಪಾದದ (ಹಳಿಯ ಅಗಲವಾದ ತಳದ) ಅಂಚು ಇದಕ್ಕೆ ನಿಲುಕದು. ಅಲ್ಲಿನ ವೆಲ್ಡ್‌ಗೆ ಕೈಯಲ್ಲಿ ಹಿಡಿಯುವ ಪ್ರೋಬೇ ಬೇಕು. ಎರಕದ ಮ್ಯಾಂಗನೀಸ್ ಉಕ್ಕಿನ ಕ್ರಾಸಿಂಗ್ (ಒಂದು ಹಳಿ ಇನ್ನೊಂದನ್ನು ದಾಟುವ ಕಡೆಯ ತುಂಡು) ಮೇಲಂತೂ ಇದನ್ನು ನಂಬಬೇಡಿ: ಅದರ ಒರಟು ಕಣರಚನೆಯಲ್ಲಿ ಅಲೆ ಚದುರಿ, ಪರದೆ ತುಂಬ ಬರೀ ಗದ್ದಲ. ಅದು ಅಯಸ್ಕಾಂತಕ್ಕೂ ಜಗ್ಗದ ಉಕ್ಕು. ಹಾಗಾಗಿ ಅಯಸ್ಕಾಂತದಿಂದ ಬಿರುಕು ಹುಡುಕುವ ವಿಧಾನವೂ ಅಲ್ಲಿ ನಡೆಯದು; ಮೇಲ್ಮೈ ಬಿರುಕಿಗೆ ಬಣ್ಣದ ಪೆನೆಟ್ರೆಂಟ್ (ಬಿರುಕಿನೊಳಗೆ ಇಳಿದು ಅದನ್ನು ತೋರಿಸುವ ದ್ರವ) ಹಚ್ಚಿಯೇ ನೋಡುತ್ತೇನೆ.