ಡಿಎನ್‌ಎ ಕತ್ತರಿಸಲು ನನ್ನ ಆಯ್ಕೆ ಫೆನಾಂತ್ರೋಲಿನ್ ತಾಮ್ರ

ಫೆನಾಂತ್ರೋಲಿನ್, ಬೈಪಿರಿಡಿನ್, ಡಿಪಿಪಿಝಡ್. ಲೋಹವನ್ನು ಹಿಡಿದುಕೊಳ್ಳುವ ಅಣುಗಳಾದ ಈ ಮೂರು ಲಿಗ್ಯಾಂಡ್‌ಗಳ ತಾಮ್ರದ ಸಂಕೀರ್ಣಗಳನ್ನು ಪುಣೆಯ ನಮ್ಮ ಪ್ರಯೋಗಾಲಯದಲ್ಲಿ ಡಿಎನ್‌ಎ ಜೊತೆ ಬೆರೆಸಿ, ಡಿಎನ್‌ಎ ರೂಪಗಳನ್ನು ಬೇರ್ಪಡಿಸುವ ಒಂದೇ ಜೆಲ್ಲಿನಲ್ಲಿ ಓಡಿಸಿ ನೋಡಿದ್ದೇನೆ. ಡಿಎನ್‌ಎ ಕತ್ತರಿಸಲು ನನಗೆ ಫೆನಾಂತ್ರೋಲಿನ್ ಸಾಕು. ಆದರೆ ಮೊದಲ ಮೂರು ವಾರ ಹೀಗೆ ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಎಡವಟ್ಟಾದದ್ದು ಖರೀದಿಯಲ್ಲಿ. 4361 ಬೇಸ್ ಜೋಡಿಗಳ ಪಿಬಿಆರ್322 ಪ್ಲಾಸ್ಮಿಡ್, ಅಂದರೆ ಪುಟ್ಟ ವೃತ್ತಾಕಾರದ ಡಿಎನ್‌ಎ, ತರಿಸಿದ್ದೆ. ಸಂಕೀರ್ಣ 50 ಮೈಕ್ರೊಮೋಲಾರ್, ಜೊತೆಗೆ ಆಸ್ಕಾರ್ಬಿಕ್ ಆಮ್ಲ, 37 ಡಿಗ್ರಿಯಲ್ಲಿ ಒಂದು ಗಂಟೆ. ಜೆಲ್ ನೋಡಿದರೆ ಎಲ್ಲ ಲೇನ್‌ಗಳಲ್ಲೂ ಸುರುಳಿ ಡಿಎನ್‌ಎ ಸರಸರನೆ ಕೆಳಗಿಳಿದು ಒಂದೇ ಬ್ಯಾಂಡ್ ಆಗಿ ನಿಂತಿತ್ತು. ಒಂದು ಸೀಳೂ ಬಿದ್ದಿರಲಿಲ್ಲ. ಸಂಕೀರ್ಣವನ್ನು ಎರಡು ಸಲ ಹೊಸದಾಗಿ ಮಾಡಿದೆ, ಆಸ್ಕಾರ್ಬಿಕ್ ಆಮ್ಲವನ್ನು ಆಗಿಂದಾಗಲೇ ಕರಗಿಸಿದೆ. ಫಲ ಅದೇ. ನನ್ನ ಕೋಣೆ ಇರುವುದು ಕಸಬಾ ಪೇಟೆಯ ತಾಂಬಟ ಆಳಿಯ, ಅಂದರೆ ತಾಮ್ರಗಾರರ ಕೇರಿಯ ಬಳಿ. ಬೆಳಿಗ್ಗೆ ತಾಮ್ರ ಬಡಿಯುವ ಸದ್ದು ಕೇಳಿದರೆ ಹೊಟ್ಟೆ ಉರಿಯುತ್ತಿತ್ತು.

ಕಡೆಗೆ ನಮ್ಮಲ್ಲೇ ಸಂಶೋಧನೆ ಮಾಡುವ ಧಾರವಾಡದ ಅಕ್ಕ ಕೇಳಿದರು: “ಪ್ಲಾಸ್ಮಿಡ್ ಯಾವ ದ್ರಾವಣದಲ್ಲಿ ಬಂದಿದೆ, ಚೀಟಿ ಓದಿದ್ದೀಯಾ?” ಟಿಇ ಬಫರ್! ಅದರಲ್ಲಿ ಲೋಹವನ್ನು ಬಿಗಿಯಾಗಿ ಹಿಡಿದಿಡುವ ಇಡಿಟಿಎ 1 ಮಿಲಿಮೋಲಾರ್. 20 ಮೈಕ್ರೊಲೀಟರ್ ಮಿಶ್ರಣಕ್ಕೆ ನಾನು ಹಾಕುತ್ತಿದ್ದ 2 ಮೈಕ್ರೊಲೀಟರ್‌ನಲ್ಲೇ 100 ಮೈಕ್ರೊಮೋಲಾರ್ ಆಗುವಷ್ಟು ಇಡಿಟಿಎ ಸೇರುತ್ತಿತ್ತು. ಅಂದರೆ ನನ್ನ ತಾಮ್ರದ ಎರಡರಷ್ಟು. ತಾಮ್ರವನ್ನೆಲ್ಲ ಅದೇ ಕಿತ್ತುಕೊಂಡಿತ್ತು. ಪ್ಲಾಸ್ಮಿಡ್ಡನ್ನು ಎಥನಾಲ್‌ನಲ್ಲಿ ಗಸಿಯಾಗಿ ಇಳಿಸಿ, 70 ಶೇಕಡಾ ಎಥನಾಲ್‌ನಲ್ಲಿ ತೊಳೆದು, ಇಡಿಟಿಎ ಇಲ್ಲದ ಬರೀ ಟ್ರಿಸ್ ಬಫರ್‌ನಲ್ಲಿ ಕರಗಿಸಿದೆ. ಈಗ ಇಡಿಟಿಎ ಹಾಕುವುದು ಕೊನೆಯಲ್ಲಿ, ಕ್ರಿಯೆ ನಿಲ್ಲಿಸಲು ಮಾತ್ರ.

ಆಮೇಲೆ ಫೆನಾಂತ್ರೋಲಿನ್ ಲೇನ್‌ನಲ್ಲಿ ಕೆಳಗಿನ ಬ್ಯಾಂಡ್ ಮಾಯವಾಗಿ, ಸೀಳುಬಿದ್ದ ವೃತ್ತಾಕಾರದ ಡಿಎನ್‌ಎ ಮೇಲೆ ದಪ್ಪಗೆ, ತುಂಡಾದ ನೇರ ಎಳೆ ನಡುವೆ ತೆಳ್ಳಗೆ ಕಂಡಿತು. ಆ ಚಿತ್ರವನ್ನು ಎಷ್ಟು ಹೊತ್ತು ನೋಡುತ್ತಾ ನಿಂತಿದ್ದೆನೋ! ಚಪ್ಪಟೆ ಉಂಗುರಗಳ ಈ ಸಂಕೀರ್ಣ ಡಿಎನ್‌ಎಯ ಸುರುಳಿಯ ಕಿರುತೋಡಿನೊಳಗೆ (ಮೈನರ್ ಗ್ರೂವ್) ಸೇರಿಕೊಳ್ಳುತ್ತದೆ. ಆಸ್ಕಾರ್ಬಿಕ್ ಆಮ್ಲ ತಾಮ್ರಕ್ಕೆ ಎಲೆಕ್ಟ್ರಾನ್ ಕೊಟ್ಟು ಅದನ್ನು ಅಪಕರ್ಷಿಸುತ್ತದೆ. ಆಮ್ಲಜನಕದಿಂದ ಹುಟ್ಟಿದ ಹೈಡ್ರೊಜನ್ ಪೆರಾಕ್ಸೈಡ್ ಜೊತೆ ಆ ತಾಮ್ರ ಸೇರಿ ಪಕ್ಕದ ಸಕ್ಕರೆಯ ಹೈಡ್ರೊಜನ್ ಕಿತ್ತಾಗ ಎಳೆ ಕಡಿಯುತ್ತದೆ. 1979ರಲ್ಲಿ ಡೇವಿಡ್ ಸಿಗ್ಮನ್ ಅವರ ತಂಡ ಇದನ್ನು ವರದಿ ಮಾಡಿತು.

ಬೈಪಿರಿಡಿನ್‌ಗೆ ನಡುವಿನ ಉಂಗುರವಿಲ್ಲ, ಹಿಡಿತವೂ ಸಡಿಲ. ಹೋಲಿಕೆಯ ಲೇನ್‌ಗೆ ಮಾತ್ರ ಇಟ್ಟುಕೊಂಡಿದ್ದೇನೆ.

ಅಂಟಿಕೊಳ್ಳುವುದರಲ್ಲಿ ಡಿಪಿಪಿಝಡ್ ಮೂರರಲ್ಲೂ ಗಟ್ಟಿ. ಪುಸ್ತಕದ ಹಾಳೆಗಳ ನಡುವೆ ಇಟ್ಟ ನವಿಲುಗರಿಯಂತೆ ಬೇಸ್ ಜೋಡಿಗಳ ನಡುವೆ ನುಗ್ಗುತ್ತದೆ. ಆದರೆ ಅದನ್ನು ನಾವೇ ತಯಾರಿಸಿಕೊಳ್ಳಬೇಕಾಯಿತು, ನೀರಿನಲ್ಲಿ ಕರಗಿಸುವುದು ಕಷ್ಟ. ಕರಗಿಸಲು ಬಳಸುವ ಡಿಎಂಎಸ್‌ಒ ಡಿಎನ್‌ಎ ಕಡಿಯಬಲ್ಲ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ನುಂಗುವುದರಿಂದ ಕಡಿತ ಕಡಿಮೆ ಕಂಡರೆ ತಪ್ಪು ಯಾರದೆಂದು ಹೇಳಲಾಗದು.

ಫೆನಾಂತ್ರೋಲಿನ್ ಕಬ್ಬಿಣ ಅಳೆಯಲೆಂದು ನಮ್ಮ ಕಪಾಟಿನಲ್ಲಿ ಮೊದಲೇ ಇತ್ತು, ಹೊಸ ಖರ್ಚು ಬೀಳಲಿಲ್ಲ. ಸಂಜೆ ಐದಕ್ಕೆ ಕ್ರಿಯೆಗೆ ಇಟ್ಟರೆ ಮೆಸ್ ಮುಚ್ಚುವುದರೊಳಗೆ ಜೆಲ್ ಕೈಯಲ್ಲಿರುತ್ತದೆ.