ಫೈನಲ್ ಫ್ಯಾಂಟಸಿ 6 ಪಿಕ್ಸೆಲ್ ರೀಮಾಸ್ಟರ್: ಆಟ ಇನ್ನೂ ಗಟ್ಟಿ, ಬೂಸ್ಟ್ ಮೆನು ಮಾತ್ರ ಹುಷಾರು

ಫೈನಲ್ ಫ್ಯಾಂಟಸಿ 6, ಪಾತ್ರಗಳ ತಂಡ ಕಟ್ಟಿಕೊಂಡು ಕಾಳಗ ಮಾಡುತ್ತ ಕಥೆಯಲ್ಲಿ ಸಾಗುವ ವಿಡಿಯೊ ಗೇಮ್. ಈ ಆಟಕ್ಕೆ ವಯಸ್ಸಾಗಿಲ್ಲ. 1994ರ ಏಪ್ರಿಲ್‌ನಲ್ಲಿ ಜಪಾನಿನ ಸೂಪರ್ ಫ್ಯಾಮಿಕಾಮ್ ಕನ್ಸೋಲ್‌ಗೆ ಬಂದಾಗ ಇಡೀ ಆಟ 24 ಮೆಗಾಬಿಟ್ ಕ್ಯಾಸೆಟ್‌ನಲ್ಲಿ ಹಿಡಿಸಿತ್ತು. ಅಂದರೆ 3 ಎಂಬಿ. ಫ್ಯಾಮಿಲಿ ಗ್ರೂಪಿಗೆ ಬೆಳಗ್ಗೆ ಬಂದು ಬೀಳುವ ಗುಡ್ ಮಾರ್ನಿಂಗ್ ವಿಡಿಯೊ ಇದಕ್ಕಿಂತ ದಪ್ಪ ಇರುತ್ತದೆ. ಅಷ್ಟೇ ಜಾಗದಲ್ಲಿ 14 ಪಾತ್ರಗಳು, ಎರಡು ಪ್ರಪಂಚ, ಮಧ್ಯದಲ್ಲೊಂದು ಸಂಗೀತ ನಾಟಕ. ಚಿತ್ರ, ಸಂಗೀತ ಹೊಸದಾಗಿಸಿದ ಆವೃತ್ತಿಯಾದ ಪಿಕ್ಸೆಲ್ ರೀಮಾಸ್ಟರ್ 2022ರ ಫೆಬ್ರುವರಿಯಲ್ಲಿ ಪಿಸಿ ಮತ್ತು ಮೊಬೈಲ್‌ಗೆ ಬಂತು, 2023ರ ಏಪ್ರಿಲ್‌ನಲ್ಲಿ ಸ್ವಿಚ್ ಮತ್ತು ಪಿಎಸ್4ಗೆ. ಇವತ್ತು ಹೊಸದಾಗಿ ಶುರು ಮಾಡಿದವರಿಗೆ ಬೇಜಾರಾದರೆ, ಹತ್ತಕ್ಕೆ ಒಂಬತ್ತು ಸಲ ತಪ್ಪು ಹಳೆಯ ಆಟದ್ದಲ್ಲ. ರೀಮಾಸ್ಟರ್ ಜೊತೆ ಬಂದ ಅನುಕೂಲಗಳದ್ದು.

ಕಾನ್ಫಿಗ್ ಒಳಗೆ ಬೂಸ್ಟ್ ಅಂತ ಒಂದು ವಿಭಾಗ ಇದೆ. ಮೊದಲು ಕನ್ಸೋಲ್‌ಗೆ ಮಾತ್ರ ಇತ್ತು, ಆಮೇಲೆ ಅಪ್‌ಡೇಟ್‌ನಲ್ಲಿ ಪಿಸಿ, ಮೊಬೈಲ್‌ಗೂ ಕೊಟ್ಟರು. ಕಾಳಗ ಗೆದ್ದಾಗ ಸಿಗುವ ಅನುಭವ (ಲೆವೆಲ್ ಏರಿಸುವ ಅಂಕ), ಹಣ, ಮ್ಯಾಜಿಕ್ ಕಲಿಯಲು ಬೇಕಾದ ಎಪಿ, ಇವನ್ನು ಸೊನ್ನೆಯಿಂದ 4 ಪಟ್ಟಿನವರೆಗೆ ಏರಿಸಬಹುದು, ಇಳಿಸಬಹುದು. ಆಫೀಸು, ಟ್ರಾಫಿಕ್ಕು, ಮನೆ ಅಂತ ದಿನಕ್ಕೆ ಒಂದು ಗಂಟೆಯೂ ಸಿಗದ ಬೆಂಗಳೂರಿನ ಮಂದಿ ಮೊದಲ ದಿನವೇ ಅನುಭವವನ್ನು 4ಕ್ಕೆ ತಿರುಗಿಸುತ್ತಾರೆ. ಎಡವಟ್ಟು ಅಲ್ಲೇ.

ಯಾಕೆಂದರೆ ಈ ಆಟದಲ್ಲಿ ಲೆವೆಲ್ ಏರಿದರೆ ತಾನಾಗಿ ಹೆಚ್ಚುವುದು ಎಚ್‌ಪಿ (ಜೀವದ ಅಂಕ) ಮತ್ತು ಎಂಪಿ (ಮಂತ್ರಕ್ಕೆ ಖರ್ಚಾಗುವ ಅಂಕ) ಮಾತ್ರ. ತೋಳ್ಬಲ, ಮ್ಯಾಜಿಕ್ ಬಲ, ವೇಗ, ತಾಳಿಕೆ ಮೊದಲ ದಿನ ಎಷ್ಟಿತ್ತೋ ಅಷ್ಟೇ ಇರುತ್ತವೆ. ಇವು ಏರಬೇಕೆಂದರೆ ಲೆವೆಲ್ ಏರುವ ಆ ಕ್ಷಣದಲ್ಲಿ ಪಾತ್ರದ ಮೈಮೇಲೆ ಎಸ್ಪರ್ (ಮಾಯಾಜೀವಿ) ಒಂದರ ಮ್ಯಾಜಿಸೈಟ್, ಅಂದರೆ ಅದರ ಶಕ್ತಿ ಅಡಗಿದ ಕಲ್ಲು, ಇರಬೇಕು. ಕೇಟ್ ಸಿತ್ ಎಂಬ ಎಸ್ಪರ್‌ನ ಕಲ್ಲು ತೊಟ್ಟಿದ್ದರೆ ಮ್ಯಾಜಿಕ್ 1 ಹೆಚ್ಚುತ್ತದೆ, ಬಿಸ್ಮಾರ್ಕ್ ತೊಟ್ಟಿದ್ದರೆ ತೋಳ್ಬಲ 2. ಮೊದಲ ಮ್ಯಾಜಿಸೈಟ್‌ಗಳು ಸಿಗುವುದು ಜೋಜೋ ಪಟ್ಟಣದಲ್ಲಿ. ಅಲ್ಲಿಗೆ ತಲುಪುವಷ್ಟರಲ್ಲಿ ಎಂಟು-ಹತ್ತು ಗಂಟೆ ಆಗಿರುತ್ತದೆ. ಆ ಎಂಟು-ಹತ್ತು ಗಂಟೆಯಲ್ಲಿ ಏರಿಸಿದ ಒಂದೊಂದು ಲೆವೆಲ್ಲೂ ಈ ಲೆಕ್ಕದಲ್ಲಿ ಖಾಲಿ ಹೋಯಿತು, ಲೆವೆಲ್ 99 ಮುಟ್ಟಿದ ಮೇಲೆ ವಾಪಸ್ ಸಿಗುವುದೂ ಇಲ್ಲ. ಹೊಸದಾಗಿ ಸೇರುವವರ ಲೆವೆಲ್ಲನ್ನು ಆಟ ನಿಮ್ಮ ಪಾರ್ಟಿಯ ಸರಾಸರಿ ನೋಡಿ ನಿಗದಿ ಮಾಡುತ್ತದೆ. ಹಾಗಾಗಿ ಇಬ್ಬರನ್ನು ಉಬ್ಬಿಸಿದರೆ ಆಮೇಲೆ ಬರುವವರೆಲ್ಲ ಉಬ್ಬಿಕೊಂಡೇ ಬರುತ್ತಾರೆ.

ಇಷ್ಟೆಲ್ಲ ಲೆಕ್ಕ ಹಾಕದೆಯೂ ಆಟ ಮುಗಿಯುತ್ತದೆ, ಅದು ನಿಜ. ಮೂಲ ಆಟವೇ ಅಷ್ಟು ಕಷ್ಟದ್ದಲ್ಲ. ಆದರೆ 4 ಪಟ್ಟು ಇಟ್ಟರೆ ಬಾಸ್‌ಗಳು (ದೊಡ್ಡ ಶತ್ರುಗಳು) ಬಾಯಿ ತೆರೆಯುವ ಮೊದಲೇ ಗೋವಿಂದ. ಅವುಗಳ ತಂತ್ರ ಏನಿತ್ತು ಅನ್ನುವುದೇ ಗೊತ್ತಾಗುವುದಿಲ್ಲ. ಜೋಜೋವರೆಗೆ ಎಲ್ಲವನ್ನೂ 1ರಲ್ಲೇ ಬಿಡಿ. ಆಮೇಲೆ ಎಪಿ ಒಂದನ್ನು 2ಕ್ಕೆ ಏರಿಸಿ, ಅನುಭವವನ್ನು 1ರಿಂದ ಅಲುಗಾಡಿಸಬೇಡಿ. ಮಂತ್ರ ಬೇಗ ಕಲಿಯುತ್ತೀರಿ, ಕಾಳಗದ ಹದವೂ ಕೆಡುವುದಿಲ್ಲ. ಹಣವನ್ನು 2ಕ್ಕೆ ಇಟ್ಟರೆ ಯಾರ ಗಂಟೂ ಹೋಗುವುದಿಲ್ಲ.

ಹಳೆಯ ಆಟಗಾರರಿಗೆ ಲೀಥಿ ನದಿಯ ಯುಕ್ತಿ ಗೊತ್ತಿರುತ್ತದೆ. ತೆಪ್ಪ ಕವಲಿಗೆ ಬಂದಾಗ ತಪ್ಪು ದಾರಿ ಆರಿಸಿದರೆ ಅದೇ ಜಾಗಕ್ಕೆ ಸುತ್ತಿ ಬರುತ್ತದೆ. ಆಗ ಜೊತೆಗಿರುವ ಬ್ಯಾನನ್‌ನ ಪ್ರಾರ್ಥನೆ ಎಲ್ಲರನ್ನೂ ಪುಕ್ಕಟೆ ಗುಣಪಡಿಸುತ್ತದೆ. ಗುಂಡಿ ಒತ್ತಿ ಹಿಡಿದು ರಾತ್ರಿಯಿಡೀ ಬಿಟ್ಟು ಬೆಳಗ್ಗೆ ನೋಡಿದರೆ ಲೆವೆಲ್ ಎಲ್ಲೋ ಹೋಗಿರುತ್ತಿತ್ತು. ಕಾಳಗವನ್ನು ತಾನೇ ನಡೆಸುವ ರೀಮಾಸ್ಟರ್‌ನ ಆಟೋ ಬ್ಯಾಟಲ್‌ನಿಂದ ಇದು ಇನ್ನೂ ಸಲೀಸು. ಆದರೆ ಮ್ಯಾಜಿಸೈಟ್ ಇನ್ನೂ ಕೈಗೆ ಬಂದಿರದ ಹೊತ್ತು ಅದು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಅನ್ನುವ ಮಾತು ಇಲ್ಲಿಗಾದರೆ ಅಕ್ಷರಶಃ ಹೊಂದುತ್ತದೆ.

ಆಟೋ ಬ್ಯಾಟಲ್ ಒಳ್ಳೆಯ ಸೌಲಭ್ಯ, ಆದರೆ ಅದಕ್ಕೆ ತಲೆ ಇಲ್ಲ. ಪ್ರತಿಯೊಬ್ಬರಿಗೆ ಕೊನೆಗೆ ಕೊಟ್ಟ ಆಜ್ಞೆಯನ್ನೇ ವೇಗವಾಗಿ ಮತ್ತೆ ಮತ್ತೆ ಮಾಡುತ್ತದೆ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ನಾರ್ಷೆಯ ಗಣಿಯಲ್ಲಿ ಯಿಮಿರ್ ಎಂಬ ದೈತ್ಯ ಬಸವನಹುಳು ಅಡ್ಡ ಬರುತ್ತದೆ. ತಲೆಗೆ 1,600 ಎಚ್‌ಪಿ, ಚಿಪ್ಪಿಗೆ 50,000. ತಲೆ ಹೊರಗಿದ್ದಾಗ ಹೊಡೆಯಬೇಕು, ಒಳಗೆ ಎಳೆದುಕೊಂಡಾಗ ಸುಮ್ಮನೆ ಕಾಯಬೇಕು. ಚಿಪ್ಪಿಗೆ ಬಿದ್ದ ಪ್ರತಿ ಏಟಿಗೂ ಮಿಂಚು ವಾಪಸ್ ಬಡಿಯುತ್ತದೆ. ಆಟೋ ಹಾಕಿ ಕಾಫಿ ಬೆರೆಸಲು ಎದ್ದು ಹೋದವರು ಬರುವಷ್ಟರಲ್ಲಿ ಮೂವರೂ ನೆಲ ಕಚ್ಚಿರುವುದು ಇದಕ್ಕೇ. ಆಜ್ಞೆ ಕೊಡದೆ ಕಾಯುವುದೂ ಒಂದು ನಡೆ ಎಂದು ಕಲಿಸಲೆಂದೇ ಇಟ್ಟ ಬಾಸ್ ಇದು. ಬಾಸ್ ಬಂದಾಗ ಆಟೋ ಆಫ್ ಇರಲಿ.

ಆಟೋಗೆ ನಿಜವಾಗಿ ಕೆಲಸ ಇರುವುದು ಎರಡನೇ ಭಾಗದಲ್ಲಿ, ಮರಾಂಡಾ ಪಕ್ಕದ ಮರಳುಗಾಡಿನಲ್ಲಿ. ಅಲ್ಲಿ ಓಡಾಡುವ ಪಾಪಾಸುಕಳ್ಳಿಯಂಥ ಶತ್ರು ಕ್ಯಾಕ್ಟುವಾರ್‌ಗೆ ಇರುವುದು 3 ಎಚ್‌ಪಿ. ಕೊಂದರೆ 10 ಎಪಿ, 10,000 ಗಿಲ್ (ಆಟದ ಹಣ). ಆದರೆ ಮಾಮೂಲಿ ಏಟಿಗೆ ಸಿಕ್ಕುವುದಿಲ್ಲ, ಜಾರಿಕೊಳ್ಳುತ್ತದೆ. ನಿಮ್ಮ ತಂಡದ ಎಡ್ಗರ್‌ನ ಡ್ರಿಲ್‌ಗೆ ತಪ್ಪುವ ಮಾತೇ ಇಲ್ಲ. ಅದನ್ನು ಆಜ್ಞೆಯಾಗಿ ಕೊಟ್ಟು ಆಮೇಲೆ ಆಟೋ ಒತ್ತಿ. ಅದೇ ಮರಳಿನಲ್ಲಿ ದೊಡ್ಡ ಹುಳುವೊಂದು ಎಲ್ಲರ ಮೇಲೂ ಮರಳುಗಾಳಿ ಎಬ್ಬಿಸುತ್ತದೆ, ಅದು ಬಂದಾಗ ಆಟೋ ಬಿಟ್ಟು ಗುಣಪಡಿಸುವ ಕಡೆ ನೋಡಿ.

ಕಾಳಗಗಳನ್ನೇ ಬಂದ್ ಮಾಡುವ ಸ್ವಿಚ್ ಕೂಡ ಇದೆ. ಬಿಟ್ಟುಹೋದ ಪೆಟ್ಟಿಗೆ ತೆರೆಯಲು ಗುಹೆಗೆ ಮತ್ತೆ ಹೋಗುವಾಗ ಇದು ವರದಾನ. ಹೊಸ ಜಾಗದಲ್ಲಿ ಮಾತ್ರ ಬೇಡ. ತಂಡದ ಹುಡುಗ ಗೌ ಹೊಸ ಮೃಗಗಳ ವರಸೆ ಕಲಿಯುವುದು ವೆಲ್ಟ್ ಬಯಲಿನ ಕಾಳಗಗಳಲ್ಲಿ ಮಾತ್ರ. ಶಾಪಗ್ರಸ್ತ ಗುರಾಣಿಯ ಶಾಪ ಕಳೆಯಲು ಅದನ್ನು ತೊಟ್ಟು 256 ಕಾಳಗ ಮುಗಿಸಬೇಕು. ಇಂಥ ಕೆಲಸಕ್ಕೆಲ್ಲ ಶಾರ್ಟ್‌ಕಟ್ ಇಲ್ಲ.

ಚಿತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. 2014ರಲ್ಲಿ ಮೊಬೈಲ್‌ಗೆ ಬಂದಿದ್ದ ನುಣುಪು ಮುಖದ ಗೊಂಬೆಗಳನ್ನು ನೋಡಿದವರಿಗೆ ಇದು ಸಮಾಧಾನ. ಮೂಲದಲ್ಲೇ ಕೆಲಸ ಮಾಡಿದ್ದ ಕಜುಕೊ ಶಿಬುಯಾ ಈ ಸಲವೂ ಪಾತ್ರಗಳ ಪಿಕ್ಸೆಲ್ ಕೆಲಸ ನೋಡಿಕೊಂಡಿದ್ದಾರೆ. ಅಕ್ಷರಗಳ ವಿಷಯದಲ್ಲಿ ಮಾತ್ರ ಮೆನುಗೆ ಹೋಗಿ ಕ್ಲಾಸಿಕ್ ಫಾಂಟ್ ಆರಿಸಿ. ಮೊದಲೇ ಇರುವ ಸಣಕಲು ಫಾಂಟ್ ಈ ಚಿತ್ರಗಳ ಪಕ್ಕ ಬ್ಯಾಂಕ್ ಫಾರ್ಮಿನ ಥರ ಕಾಣುತ್ತದೆ. ಸಂಗೀತವನ್ನೂ ಹೊಸದು, ಮೂಲದ್ದು ಎಂದು ಬದಲಾಯಿಸಿಕೊಳ್ಳಬಹುದು. ನೊಬುವೊ ಉಯೆಮಾಟ್ಸು ಅವರ ಮೇಲ್ವಿಚಾರಣೆಯಲ್ಲಿ ಮಾಡಿದ ಹೊಸ ವಾದ್ಯವೃಂದ ಕಾಳಗಗಳಿಗೆ ಚೆನ್ನಾಗಿದೆ. ನಾರ್ಷೆಯ ಹಿಮದ ಬೀದಿಗೆ ಮಾತ್ರ ಹಳೆಯ ಚಿಪ್‌ನ ಮೊಂಡು ದನಿಯೇ ಸರಿ.

ಇನ್ನು ಒಪೆರಾ. ಕಂಪನಿ ನಾಟಕ ನೋಡಿದವರಿಗೆ ಕಥೆ ಬೇಗ ಹತ್ತಿರವಾಗುತ್ತದೆ: ನಾಯಕಿ ಮರಿಯಾಳನ್ನು ರಂಗದ ಮೇಲಿಂದಲೇ ಹಾರಿಸಿಕೊಂಡು ಹೋಗುತ್ತೇನೆ ಎಂದು ಜೂಜುಕೋರ ಸೆಟ್ಜರ್ ಪತ್ರ ಬರೆದಿರುತ್ತಾನೆ. ಅವಳನ್ನೇ ಹೋಲುವ ಸೇನಾಧಿಕಾರಿಣಿ ಸೆಲೆಸ್ ಬಣ್ಣ ಹಚ್ಚಿಕೊಂಡು ನಿಲ್ಲಬೇಕು. ಗ್ರೀನ್ ರೂಮಿನಲ್ಲಿಟ್ಟ ಪುಸ್ತಕದಿಂದ ಸಾಲುಗಳನ್ನು ಬಾಯಿಪಾಠ ಮಾಡಬೇಕು, ರಂಗದ ಮೇಲೆ ಸರಿಯಾದ ಸಾಲನ್ನೇ ಆರಿಸಬೇಕು. ಹಿಂದೆ ಇಲ್ಲಿ ಕೇಳಿಸುತ್ತಿದ್ದುದು ಮನುಷ್ಯರ ದನಿಯಂತೆ ನಟಿಸುವ ಒಂದು ಚಿಪ್. ಈಗ ಜಪಾನೀಸ್, ಇಂಗ್ಲಿಷ್, ಇಟಾಲಿಯನ್ ಸೇರಿ ಏಳು ಭಾಷೆಗಳಲ್ಲಿ ನಿಜವಾದ ಗಾಯಕರು ಹಾಡುತ್ತಾರೆ, ರಂಗಸಜ್ಜಿಕೆಗೆ ಆಳ ಬಂದಿದೆ. ಇಡೀ ರೀಮಾಸ್ಟರ್‌ನಲ್ಲಿ ದುಡ್ಡು ಎಲ್ಲಿ ಖರ್ಚಾಯಿತು ಎಂದು ಕೇಳಿದರೆ ಇಲ್ಲಿಗೇ ಕೈ ತೋರಿಸಬಹುದು. ಆಮೇಲೆ ಅಲ್ಟ್ರೋಸ್ ಎಂಬ ಆಕ್ಟೋಪಸ್ ಮೇಲಿನಿಂದ 4 ಟನ್ ತೂಕ ಬೀಳಿಸಲು ಹೊರಡುತ್ತದೆ, ನಿಮಗಿರುವುದು 5 ನಿಮಿಷ. ಬಲಗಡೆಯ ಕೋಣೆಯಲ್ಲಿ ಕಟ್ಟಕಡೆಯ ಬಲ ಸ್ವಿಚ್ ಎಳೆದು ಅಟ್ಟಕ್ಕೆ ಹತ್ತಿ. ತೊಲೆಗಳ ಮೇಲೆ ಓಡಾಡುವ ಇಲಿಗಳಿಗೆ ತಾಗಿದರೆ ಕಾಳಗ, ಆಗಲೂ ಗಡಿಯಾರ ನಿಲ್ಲುವುದಿಲ್ಲ.

ಮೂಲದ ಹುಳುಕುಗಳನ್ನು ಸರಿಪಡಿಸಿದ್ದಾರೆ. 1994ರಲ್ಲಿ ಏಟು ತಪ್ಪಿಸಿಕೊಳ್ಳುವ ಅಂಕಿ ಬರೀ ಅಲಂಕಾರಕ್ಕಿತ್ತು; ಮ್ಯಾಜಿಕ್ ತಪ್ಪಿಸುವ ಅಂಕಿಯೇ ಎರಡೂ ಕೆಲಸ ಮಾಡುತ್ತಿತ್ತು. ಮಾಯವಾಗಿಸುವ ಮಂತ್ರ ವ್ಯಾನಿಶ್ ಹಾಕಿ ಸಾವಿನ ಮಂತ್ರ ಡೂಮ್ ಹಾಕಿದರೆ ಬಹುತೇಕ ಬಾಸ್‌ಗಳು ಒಂದೇ ಏಟಿಗೆ ಸಾಯುತ್ತಿದ್ದವು. ಎರಡೂ ಈಗ ಇಲ್ಲ. ಆದರೆ ಗೇಮ್ ಬಾಯ್ ಅಡ್ವಾನ್ಸ್ ಆವೃತ್ತಿಯಲ್ಲಿ ಸೇರಿಸಿದ್ದ ಡ್ರ್ಯಾಗನ್ಸ್ ಡೆನ್, ಸೋಲ್ ಶ್ರೈನ್ ಎಂಬ ಹೆಚ್ಚುವರಿ ಜಾಗಗಳು, ಲೆವಿಯಾಥನ್, ಗಿಲ್ಗಮೆಶ್ ಸೇರಿದ ನಾಲ್ಕು ಹೊಸ ಎಸ್ಪರ್‌ಗಳು, ಇದ್ಯಾವುದೂ ಇಲ್ಲಿಲ್ಲ. ಮೂಲಕ್ಕೆ ನಿಷ್ಠೆ ಎನ್ನುವ ಸಬೂಬು ಅರ್ಥವಾಗುತ್ತದೆ. ಆದರೂ ಬೂಸ್ಟ್ ಮೆನು ಸೇರಿಸುವಾಗ ಆ ನಿಷ್ಠೆ ಎಲ್ಲಿತ್ತೋ!

ಒಂದು ಸಂತೋಷ ಹಾಗೇ ಉಳಿದಿದೆ. ಪ್ರೇತಗಳ ರೈಲು ಬಾಸ್ ಆಗಿ ಅಟ್ಟಿಸಿಕೊಂಡು ಬರುತ್ತದೆ. ಅದು ಸತ್ತವರ ಜಾತಿಯದ್ದಾದ್ದರಿಂದ ಬಿದ್ದವರನ್ನು ಬದುಕಿಸುವ ಫೀನಿಕ್ಸ್ ಡೌನ್ ಒಂದನ್ನೇ ಎಸೆದರೆ ಕಥೆ ಮುಗಿಯುತ್ತದೆ. ಹಾಗೆ ಮುಗಿಸಬೇಡಿ. ತಂಡದ ಮಲ್ಲ ಸೇಬಿನ್ 10ನೇ ಲೆವೆಲ್‌ಗೆ ಕಲಿಯುವ ಎತ್ತಿ ಒಗೆಯುವ ಪಟ್ಟು ಹಾಕಿ, ಇಡೀ ರೈಲನ್ನು ಎತ್ತಿ ಕುಕ್ಕುತ್ತಾನೆ. ಗರಡಿಮನೆಯವರು ಕಂಡರೆ ಶಿಳ್ಳೆ ಹೊಡೆದಾರು. ಯಾವ ಗುಂಡಿ ಯಾವ ಕ್ರಮದಲ್ಲಿ ಒತ್ತಬೇಕು ಎಂದು ಈಗ ಪರದೆಯೇ ತೋರಿಸುತ್ತದೆ, ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕಿಲ್ಲ.

ಇಲ್ಲಿಂದ ಮುಂದೆ ಕಥೆಯ ಗುಟ್ಟು ಇದೆ, ಬೇಡದವರು ಕೊನೆಯ ಪ್ಯಾರಾಕ್ಕೆ ಹಾರಿ. ಅರ್ಧದಲ್ಲಿ ಪ್ರಪಂಚ ಮುಳುಗುತ್ತದೆ. ತೇಲುವ ಖಂಡದಿಂದ ಪಾರಾಗಲು 6 ನಿಮಿಷ ಕೊಡುತ್ತಾರೆ. ವಿಮಾನಕ್ಕೆ ಜಿಗಿಯುವ ಜಾಗಕ್ಕೆ ಬಂದಾಗ ಕಾಯುತ್ತೇನೆ ಎಂಬುದನ್ನೇ ಆರಿಸಿ, ಗಡಿಯಾರ 5 ಸೆಕೆಂಡಿಗೆ ಇಳಿಯುವವರೆಗೆ ನಿಲ್ಲಿ. ಆಗ ಹಿಂದೆ ಉಳಿದಿದ್ದ ಜೊತೆಗಾರ ಶ್ಯಾಡೋ ಓಡಿ ಬರುತ್ತಾನೆ. ಹೆದರಿ ಮೊದಲೇ ಜಿಗಿದರೆ ಅವನು ಸತ್ತ, ಮುಂದೆಲ್ಲೂ ಸಿಗುವುದಿಲ್ಲ. ಆಮೇಲೆ ದ್ವೀಪವೊಂದರಲ್ಲಿ ಸೆಲೆಸ್‌ಳನ್ನು ನೋಡಿಕೊಂಡಿದ್ದ ಸಿಡ್ ಕಾಯಿಲೆ ಬಿದ್ದಿರುತ್ತಾನೆ. ಅವನ ಜೀವ ಆಟದೊಳಗೆ ಕಾಣದ ಒಂದು ಅಂಕಿ, 120ರಿಂದ ಶುರುವಾಗಿ ಸೆಕೆಂಡಿಗೆ ಒಂದರಂತೆ ಇಳಿಯುತ್ತದೆ. ವೇಗವಾಗಿ ಈಜುವ ಮೀನನ್ನಷ್ಟೇ ಹಿಡಿದು ತಿನ್ನಿಸಬೇಕು. ದಡದಲ್ಲಿ ನಿಧಾನದ ಮೀನೇ ಕಂಡರೆ ಹಿಡಿಯಬೇಡಿ, ಹೊರಹೋಗಿ ಮತ್ತೆ ಬನ್ನಿ. ಇಲ್ಲಿಂದ ಮುಂದೆ ಎಲ್ಲಿಗೆ ಹೋಗಬೇಕು ಎಂದು ಆಟ ಕೈಹಿಡಿದು ಹೇಳುವುದಿಲ್ಲ. ಊರವರ ಮಾತಿನಿಂದಲೇ ದಾರಿ ಹುಡುಕಬೇಕು. ಈಗಿನ ಆಟಗಳಿಗೆ ಒಗ್ಗಿದವರಿಗೆ ಹಳತು ಎನಿಸುವ ಜಾಗ ಇದೊಂದೇ. ರೀಮಾಸ್ಟರ್‌ನ ನಕ್ಷೆ ಪ್ರತಿ ಸ್ಥಳದಲ್ಲಿ ಎಷ್ಟು ಪೆಟ್ಟಿಗೆ ಬಾಕಿ ಎಂದು ತೋರಿಸುವುದರಿಂದ ಅರ್ಧ ಪರದಾಟ ತಪ್ಪುತ್ತದೆ. ಕೊನೆಯ ಗೋಪುರಕ್ಕೆ ಮೂರು ತಂಡ ಬೇಕು. ಮೊದಲಿನಿಂದ ನಾಲ್ಕೇ ಜನರನ್ನು ಬೆಳೆಸಿದವರು ಅಲ್ಲಿ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಎಪಿಯನ್ನು 4ಕ್ಕೆ ಏರಿಸಿ ಹಿಂದುಳಿದವರಿಗೆ ಮಂತ್ರ ಕಲಿಸಲು ನಿಜವಾಗಿ ಸರಿಯಾದ ಹೊತ್ತು ಇದು.

ಯಾವುದರಲ್ಲಿ ಆಡುವುದು? ಸ್ವಿಚ್ ನಮ್ಮಲ್ಲಿ ಅಧಿಕೃತವಾಗಿ ಮಾರಾಟಕ್ಕಿಲ್ಲ, ಎಸ್.ಪಿ. ರೋಡ್ ಕಡೆ ಸಿಕ್ಕಿದರೂ ಸರ್ವಿಸ್, ವಾರಂಟಿ ಯಾರು ಕೊಡುತ್ತಾರೆ ಎಂದು ಮೊದಲು ಕೇಳಿ. ಈ ಒಂದು ಆಟಕ್ಕೆ ಅದು ಬೇಡವೇ ಬೇಡ, ಹಳೆಯ ಆಫೀಸ್ ಲ್ಯಾಪ್‌ಟಾಪ್ ಸಾಕು. ಪಿಸಿ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಬೆಲೆ ರೂಪಾಯಿಯಲ್ಲೇ ಇದೆ, ಸೇಲ್ ಬರುವವರೆಗೆ ಕಾಯ್ದರೆ ಉಳಿತಾಯ. ಕನ್ನಡ ಇಲ್ಲ, ಆದರೆ ಇಂಗ್ಲಿಷ್ ಸರಳವಾಗಿದೆ. ಫೋನ್‌ನಲ್ಲೂ ಆಟ ಪೂರ್ತಿ ಅದೇ. ಒಂದು ಜಾಗದಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ತಾನೇ ಸೇವ್ ಆಗುತ್ತದೆ, ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗಿನ ನೇರಳೆ ಮಾರ್ಗದಲ್ಲಿ ಸೀಟು ಸಿಕ್ಕರೆ ಒಂದು ಗುಹೆ ಮುಗಿಯುತ್ತದೆ. ಫೋನಿನ ಸೇವ್ ಲ್ಯಾಪ್‌ಟಾಪಿಗೆ ಬರುವುದಿಲ್ಲ, ಹಾಗಾಗಿ ಒಂದನ್ನೇ ಆರಿಸಿ. ಫೋನ್ ಆರಿಸಿದರೆ ಮೀನು ಹಿಡಿಯುವುದನ್ನೂ ಒಪೆರಾವನ್ನೂ ಮನೆಗೆ ಇಟ್ಟುಕೊಳ್ಳಿ. ಬೆರಳು ಜಾರಿಸಿ ಇಲಿ ತಪ್ಪಿಸುವುದೇ ಕಷ್ಟ, ಅದರ ಮೇಲೆ ಆ 5 ನಿಮಿಷದ ನಡುವೆ ಮೆಜೆಸ್ಟಿಕ್ ಬಂದು ಜನ ನುಗ್ಗಿದರೆ 4 ಟನ್ ಬೀಳುವುದು ಸೆಲೆಸ್ ತಲೆಯ ಮೇಲೆ.